ಎರಡು ನೋಟಗಳ ನಡುವೆ

ಈರುಳ್ಳಿ ಸಿಪ್ಪೆಯೊಂದು ಕಿಟಕಿಯಿಂದ ಹಾರಿಬಂದು ಇವರ ಕೂದಲಿಗೆ ಅಂಟಿಕೊಂಡಿತು, ಯೇವಲಾ ಬಂತೇನೋ, ಮುಂದೆ ಟ್ರ್ಯಾಕ್ಟರುಗಳ ಸಾಲು, ಬಸ್ಸು ತೆವಳುತ್ತಿದೆ, ತೆವಳಲಿ ಬಿಡು, ನಾಸಿಕ್ ಎಲ್ಲಿಗೂ ಓಡಿಹೋಗುವುದಿಲ್ಲ, ಇವರಿಗೆ ಗಾಢ ನಿದ್ದೆ, ತಲೆಯ ಭಾರವೆಲ್ಲ ನನ್ನ ಹೆಗಲ ಮೇಲೆ — ಡ್ರೈವರ್ ರಘುನಂದನ, ಆಫೀಸಿನಲ್ಲಿ ಹಾಗೇ ಕರೆಯುತ್ತಾರೆ, ಬಸ್ಸಿನ ಡ್ರೈವರಲ್ಲ, ಕಂಪ್ಯೂಟರಿನ ಕರ್ನೆಲ್ಲಿನೊಳಗೆ, ಅದರ ಗರ್ಭಗುಡಿಯಲ್ಲಿ, ಕೂತು ಯಂತ್ರದ ಜೊತೆ ಮಾತಾಡುವ ಪ್ರೋಗ್ರಾಮು, ಅದನ್ನು ಬರೆಯುವವರು ಇವರು, ಪರೀಕ್ಷೆ ಮಾಡುವವಳು ನಾನು, ಗಂಡನ ತಪ್ಪು ಹುಡುಕಲಿಕ್ಕೇ ನಿನಗೆ ಪಗಾರ ಎಂದು ಎಲ್ಲರೂ ನಗುತ್ತಾರೆ, ನಗಲಿ, ಆದರೆ ಈ ಸಲ ಸಿಕ್ಕಿದ್ದು ನಗುವಂಥದ್ದಾಗಿರಲಿಲ್ಲ, ಹೊರಗಿನಿಂದ ಬಂದ ಮಾಹಿತಿ ಎಷ್ಟು ಉದ್ದ ಎಂದು ಡ್ರೈವರ್ ಒಮ್ಮೆ ನೋಡುತ್ತದೆ, ಸರಿಯಿದೆ ಎನ್ನುತ್ತದೆ, ಒಳಗೆ ತೆಗೆದುಕೊಳ್ಳುವಾಗ ಅದೇ ಅಂಕಿಯನ್ನು ಮತ್ತೊಮ್ಮೆ ಓದುತ್ತದೆ, ಆ ಎರಡು ನೋಟಗಳ ನಡುವಿನ ಸಂದಿನಲ್ಲಿ ಪಕ್ಕದ ಥ್ರೆಡ್, ಅಂದರೆ ಜೊತೆಗೇ ಓಡುವ ಇನ್ನೊಂದು ಕೆಲಸ, ಆ ಅಂಕಿಯನ್ನೇ ದೊಡ್ಡದು ಮಾಡಿಬಿಟ್ಟರೆ ಕರ್ನೆಲ್ಲಿನ ಮೆಮೊರಿ ಒಡೆದು, ಬರೀ ಬಟನ್ ಒತ್ತುವ ಲಾಗಿನ್ ಇದ್ದವನು ಇಡೀ ಕಂಪ್ಯೂಟರಿಗೆ ಯಜಮಾನ. ವನಜಾ, ಅದು ಆಗಂಗಿಲ್ಲ, ಅಷ್ಟು ಸಣ್ಣ ಸಂದ್ಯಾಗ ಯಾರು ನುಗ್ತಾರ, ಊಟದ ತಟ್ಟೆ ಮುಂದೆ ಇವರು, ಇವರ ಕಂಪ್ಯೂಟರಿನಲ್ಲಿ ಆಗಿರಲೂ ಇಲ್ಲ, ಹಳೆಯದು, ಒಂದೇ ಕೋರಿನದು, ಒಂದು ಸಲಕ್ಕೆ ಒಂದೇ ಕೆಲಸ ಮಾಡುವಂಥದ್ದು, ಔರಂಗಾಬಾದಿನ ಕಾರಖಾನೆಯವು ನಾಲ್ಕು ಕೋರಿನವು ರೀ, ಅಲ್ಲಿ ಥ್ರೆಡ್ಡುಗಳು ಖರೇನ ಒಟ್ಟಿಗೇ ಓಡ್ತಾವ, ಅವು ನಡೆಸುವುದು ತಗಡು ಒತ್ತುವ ಪ್ರೆಸ್ಸು, ಯಾರದೋ ಕೈ ಒಳಗಿರುವಾಗ — ನಾನು ಅನ್ನ ಬಿಟ್ಟೆದ್ದೆ, ಹಿಂದೆಯೇ ಅಡುಗೆಮನೆಗೆ ಅತ್ತೆ ಬಂದರು, ಅಂದ್ರ ನನ್ನ ಮಗಂದ ತಪ್ಪಂತೀಯೇನು, ಹೌದ್ರಿ ಅತ್ಯಾ, ಹಂಗಾದ್ರ ಅವಂಗ ಹೇಳು, ಊರಿಗೆಲ್ಲಾ ಹೇಳಬ್ಯಾಡ. ಇವರಿಗೇ ಹೇಳಿದೆ, ಮತ್ತೆ ಮತ್ತೆ ಹೇಳಿದೆ, ಇವರು ಮಾತೇ ಬಿಟ್ಟರು.

ಇವತ್ತು ಬೆಳಿಗ್ಗೆ ಔರಂಗಾಬಾದಿನಲ್ಲಿ ಕಾರಖಾನೆಯ ಮಧುಕರ ಸಾಹೇಬರು, ಯಂತ್ರಗಳೆಲ್ಲ ಅವರ ಸುಪರ್ದಿಯಲ್ಲಿ, ಹೊಸ ಪ್ರೆಸ್ಸು ಚಾಲೂ ಮಾಡಲು ಕೈ ಚಾಚಿದ್ದರು, ಒಂದು ಪರೀಕ್ಷೆ ಬಾಕಿ ಇದೆ ಎಂದು ನನ್ನ ಬಾಯಿಂದ ಬಂದೇಬಿಟ್ಟಿತು, ಇವರು ನನ್ನತ್ತ ತಿರುಗಿದರು, ಆತು, ತೋರಸು, ಎಂದರು. ಥ್ರೆಡ್ಡುಗಳನ್ನು ಓಡಿಸಿದೆ, ಏನೂ ಆಗಲಿಲ್ಲ, ಚಹಾ ಬಂತು, ಏನೂ ಆಗಲಿಲ್ಲ, ಸಾಹೇಬರು ಗಡಿಯಾರ ನೋಡಿಕೊಂಡರು, ಅಷ್ಟರಲ್ಲಿ ಪರದೆಯ ಮೇಲಿನ ಡಾಲರ್ ಗುರುತು, ಸಾದಾ ಲಾಗಿನ್ನಿನ ಗುರುತು, ಹೋಗಿ ಹ್ಯಾಶ್ ಗುರುತು, ಯಜಮಾನನ ಗುರುತು. ಕಾಯ್ ಝಾಲಂ, ಏನಾಯಿತು, ಸಾಹೇಬರು ಕೇಳಿದರು, ನಾನು ಬಾಯಿ ತೆರೆಯುವ ಮೊದಲೇ ಇವರು, ಮಾಝೀ ಚೂಕ್ ಆಹೇ ಸಾಹೇಬ, ಹಿನೇ ಪಕಡ್ಲೀ, ನನ್ನ ತಪ್ಪು, ಇವಳು ಹಿಡಿದಳು — ದನಿ ಒಂದಿಷ್ಟೂ ನಡುಗಲಿಲ್ಲ. ತಿದ್ದುವುದೇನು ಮಹಾ, ಅಂಕಿಯನ್ನು ಒಮ್ಮೆ ಮಾತ್ರ ಓದಿ ಒಳಗಿಟ್ಟುಕೊಳ್ಳುವುದು, ಒಳಗಿಟ್ಟುಕೊಂಡದ್ದನ್ನೇ ನೋಡುವುದು, ಅದನ್ನೇ ಬಳಸುವುದು, ಆಮೇಲೆ ಮತ್ತೆ ನನ್ನ ಪರೀಕ್ಷೆ, ಊಟದ ಗಂಟೆ ಹೊಡೆದು ಜನ ತಿರುಗಿ ಬಂದರೂ ಡಾಲರ್ ಅಲುಗಲಿಲ್ಲ, ಸಾಹೇಬರು ನಕ್ಕು, ಮ್ಯಾಡಮ್, ಉಳಿದ ಪ್ರೆಸ್ಸುಗಳಿಗೂ ಇದನ್ನೇ ಹಾಕಿ ಹೋಗಿ, ಎಂದರು, ಹಾಕಿಯೇ ಬಂದೆವು. ನಿಫಾಡದ ದ್ರಾಕ್ಷಿ ತೋಟ, ಹಸಿರು, ಹಸಿರು, ಅತ್ತೆಗೆ ಏನು ಹೇಳಲಿ, ನಿಮ್ಮ ಮಗ ತಾವಾಗಿಯೇ ಊರಿಗೆಲ್ಲ ಹೇಳಿದರು ಎಂದರೆ ನಂಬುತ್ತಾರೆಯೇ, ನಂಬದಿದ್ದರೆ ಬೇಡ, ಆ ಸ್ಟೂಲಿನ ಮಾತು ಮಾತ್ರ ಹೇಳುವುದಿಲ್ಲ, ತಿದ್ದಲು ಕೂತಾಗ ಅಲ್ಲಿದ್ದದ್ದು ಒಂದೇ ಸ್ಟೂಲು, ಇವರು ಕಣ್ಣು ಪರದೆಯಿಂದ ಕೀಳದೆ ಪಕ್ಕಕ್ಕೆ ಸರಿದರು, ಖಾಲಿಯಾದ ಅರ್ಧವನ್ನು ಅಂಗೈಯಿಂದ ತಟ್ಟಿದರು, ಬಾ ಎನ್ನಲಿಲ್ಲ, ತಟ್ಟಿದರು ಅಷ್ಟೇ, ಮೊಸರಿಗೆ ಹೆಪ್ಪು ಹಾಕಿ ಬಂದೆನೋ ಇಲ್ಲವೋ, ಹಾಕಿದ ಹಾಗಿದೆ, ಸರಿದರು, ತಟ್ಟಿದರು, ನಾಳೆ ಭಾನುವಾರ ಅಲ್ಲವೇ, ಭಾನುವಾರ, ತಟ್ಟಿದರು, ಅರ್ಧ ಸ್ಟೂಲು, ಅದರ ಮೇಲೆ ಇವರ ಅಂಗೈ