ಓಟ ಮುಗಿದ ಮೇಲಿನ ನಡಿಗೆ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಬುಷ್ರಾ ತಾನು ನೋಡಬಾರದ್ದನ್ನು ನೋಡಿಬಿಟ್ಟಳು.

ಹೊಸಕೋಟೆಯ ಹಳೇ ಮದ್ರಾಸು ರಸ್ತೆಯಲ್ಲಿ, ಪ್ಲೈವುಡ್ ಅಂಗಡಿಯ ಮೇಲಿನ ಮೂರನೆಯ ಮಹಡಿಯಲ್ಲಿ ಅವಳ ಕಚೇರಿ. ಅಮೆರಿಕದ ಕಾಲೇಜು ಹುಡುಗರು ಆಡುವ ಫುಟ್‌ಬಾಲಿನ ವಿಡಿಯೊಗಳು ಅಲ್ಲಿಗೆ ಬರುತ್ತವೆ. ಅದು ನಾವು ಕಾಲಿನಿಂದ ಒದೆಯುವ ಫುಟ್‌ಬಾಲಲ್ಲ. ಹೆಲ್ಮೆಟ್ ಧರಿಸಿ, ಮೊಟ್ಟೆಯಾಕಾರದ ಚೆಂಡಿಗಾಗಿ ಮೈಗೆ ಮೈ ಅಪ್ಪಳಿಸುವ ಆಟ. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು, ಎದುರಾಳಿಗಳ ಗೋಡೆಯಲ್ಲಿ ಸಂದು ಹುಡುಕಿ ನುಗ್ಗುವವನಿಗೆ ರನ್ನಿಂಗ್ ಬ್ಯಾಕ್ ಎಂದು ಹೆಸರು. ಯಾರ ಕಾಲಿಗೆ ಎಷ್ಟು ವೇಗ, ಡಿಕ್ಕಿ ತಿಂದ ಮೇಲೂ ಯಾರು ಎಷ್ಟು ಹೆಜ್ಜೆ ಮುಂದೆ ಹೋಗಬಲ್ಲರು ಎಂದು ಅಳೆದು ಅಂಕ ಕೊಡುವುದು ಬುಷ್ರಾಳ ಕೆಲಸ. ಆ ಅಂಕ ನೋಡಿ ಅಲ್ಲಿನ ವೃತ್ತಿಪರ ತಂಡಗಳು ಹುಡುಗರನ್ನು ಆರಿಸಿಕೊಳ್ಳುತ್ತವೆ.

ಆಟಗಾರರ ಹೆಸರನ್ನು ಇವರಿಗೆ ತಿಳಿಸುವುದಿಲ್ಲ; ಅಂಗಿಯ ಸಂಖ್ಯೆ ಮಾತ್ರ. ಈ ವರ್ಷದ ನಲವತ್ತು ಓಟಗಾರರಲ್ಲಿ ಮೊದಲ ಸ್ಥಾನ ಇಪ್ಪತ್ತೆಂಟನೆಯ ಸಂಖ್ಯೆಯವನಿಗೆ. ಕೊಟ್ಟವಳು ಬುಷ್ರಾಳೇ. ವರದಿ ನಾಲ್ಕಕ್ಕೆ ಹೋಗಬೇಕು. ಅಲ್ಲಿಯವರೆಗೆ ಯಾರ ಕಾರ್ಡಿಗೂ ಬಾಗಿಲು ತೆರೆಯದು. ಮೊಬೈಲುಗಳೆಲ್ಲ ಹೊರಗಿನ ಕಪಾಟಿನಲ್ಲಿ.

ರೆಫರಿ ಸೀಟಿ ಊದಿದೊಡನೆ ವಿಡಿಯೊ ಕತ್ತರಿಸುವುದು ಇಲ್ಲಿಯ ಪದ್ಧತಿ. ಓಟವಷ್ಟೇ ಬೇಕು, ಉಳಿದದ್ದು ದಂಡ. ಇಂದು ಒಂದು ಗಜದ ಅಳತೆ ತಾಳೆಯಾಗದೆ ಬುಷ್ರಾ ಕತ್ತರಿಸದ ಪೂರ್ತಿ ವಿಡಿಯೊ ತೆರೆದಳು. ಸೀಟಿಯಾದ ಮೇಲೆ ಇಪ್ಪತ್ತೆಂಟರವನು ಬಲ ಮಗ್ಗುಲಿಗೆ ಹೊರಳಿ ಎದ್ದ. ಬಗ್ಗಿ ಬೂಟಿನ ಲೇಸು ಕಟ್ಟಿದ. ಗೆಳೆಯನ ಹೆಗಲ ಮೇಲೆ ಕೈಹಾಕಿ ನಗುತ್ತ ನಡೆದ. ಮುಂದಿನ ಓಟದ ನಂತರವೂ ಅದೇ. ಅದರ ಮುಂದಿನದಕ್ಕೂ ಅದೇ. ಒಂದೇ ಪಂದ್ಯದಲ್ಲಿ ಹದಿನೇಳು ಸಲ ಲೇಸು ಬಿಚ್ಚಿಹೋಗುವ ಬೂಟು ಯಾವ ದೇಶದಲ್ಲೂ ಇರಲಾರದು.

ಅವನು ಕುಂಟು ಮರೆಮಾಚುತ್ತಿದ್ದ. ಆ ವಿದ್ಯೆ ಅವಳದೇ.

ಒಂದೂವರೆ ವರ್ಷದ ಹಿಂದೆ ಸ್ಕೂಟರಿನಿಂದ ಬಿದ್ದಾಗ ಎಡ ಮಂಡಿಯೊಳಗೆ ಏನೋ ಹರಿದಿತ್ತು. ಅದೇ ತಿಂಗಳು ಮುಜಾಮಿಲನ ಮನೆಯವರು ಹೆಣ್ಣು ನೋಡಲು ಬರುವವರಿದ್ದರು. "ಅವರು ಬರೋಕೆ ಮುಂಚೆನೇ ಕೂತ್ಬಿಡು ಬೇಟಿ, ಅವರು ಹೋದ್ಮೇಲೆ ಏಳು" ಎಂದಿದ್ದರು ತಾಯಿ ಹಬೀಬುನ್ನೀಸಾ. ಸಂಬಂಧ ಕುದುರಿತು. ಮಂಡಿ ಕೆಟ್ಟಿತು. ಮೂರು ತಿಂಗಳು ತಡವಾಗಿ ಕಂಡ ವೈದ್ಯರು, "ಆಗ್ಲೇ ಬಂದಿದ್ರೆ ಸರಿ ಮಾಡ್ಬಹುದಿತ್ತಮ್ಮ" ಎಂದು ಸ್ಕ್ಯಾನಿನ ಹಾಳೆಯನ್ನು ಮತ್ತೆ ಲಕೋಟೆಗೆ ಸೇರಿಸಿದ್ದರು. ಅಂದಿನಿಂದ ಮೆಟ್ಟಿಲ ಬಳಿ ಮೊಬೈಲು ನೋಡುವವಳಂತೆ ನಿಲ್ಲುವುದು, ಗೋಡೆ ಸವರಿಕೊಂಡೇ ಹೆಜ್ಜೆಯಿಡುವುದು, ಎಲ್ಲರಿಗಿಂತ ಮೊದಲು ಬಂದು ಕೊನೆಗೆ ಹೋಗುವುದು ಅವಳ ದಿನಚರಿಯಾಗಿತ್ತು. ನಿಕಾಹ್‌ಗೆ ಇನ್ನು ಹತ್ತೊಂಬತ್ತು ದಿನ. ಮುಜಾಮಿಲನ ತಮ್ಮ ಅತೀಫ್ ಇದೇ ಕೋಣೆಯಲ್ಲಿ, ಅವಳಿಂದ ಮೂರು ಮೇಜಿನಾಚೆ ಕೂರುತ್ತಾನೆ.

ಬರೆದರೆ ಇಪ್ಪತ್ತೆಂಟರವನ ಭವಿಷ್ಯ ಹೋಗುತ್ತದೆ, ಬರೆಯದಿದ್ದರೆ ಕಾಲು. ದೊಡ್ಡ ತಂಡಗಳಲ್ಲಿ ನೂರಮೂವತ್ತು ಕಿಲೋದ ಆಳುಗಳು ಆ ಮಂಡಿಯ ಮೇಲೆ ಬಂದು ಬೀಳುತ್ತಾರೆ. ಅವನಿಗಿನ್ನೂ ಸಮಯ ಮೀರಿಲ್ಲದಿರಬಹುದು. ಬುಷ್ರಾ ಬರೆದಳು: 'ಎಡ ಮಂಡಿಯ ಗಾಯವನ್ನು ಮರೆಮಾಚುತ್ತಿದ್ದಾನೆ. ಆಯ್ಕೆಗೆ ಮೊದಲು ವೈದ್ಯರು ನೋಡಲೇಬೇಕು.'

ಮೂರೂವರೆಗೆ ತಂಡದ ಮುಖ್ಯಸ್ಥ ನವೀನ್‌ಕುಮಾರ್ ಅವಳ ಮೇಜಿನ ಬಳಿ ನಿಂತಿದ್ದ.

"ಏನಮ್ಮಾ ಬುಷ್ರಾ, ನೆನ್ನೆವರೆಗೂ ಇವ್ನೇ ರಾಜ ಅಂದ್ಬಿಟ್ಟು ಇವತ್ತು ಕುಂಟ ಅಂತೀಯಲ್ಲ? ಲೇಸ್ ಕಟ್ಕೊಂಡ್ರೆ ಕುಂಟಾನಾ? ಹಂಗಿದ್ರೆ ನಮ್ ಅತೀಫು ಇಷ್ಟೊತ್ತಿಗೆ ಆಸ್ಪತ್ರೇಲಿರ್ಬೇಕಿತ್ತು."

"ಗುರು, ನನ್ ಬೂಟಿನ ಸುದ್ದಿಗ್ಯಾಕ್ ಬರ್ತೀರಾ?" ಎಂದು ಅತೀಫ್ ನಕ್ಕ. "ಆದ್ರೆ ಭಾಭಿ ಹೇಳಿದ್ರೆ ಸುಳ್ಳಿರಲ್ಲ ಬಿಡಿ. ನಮ್ಮಣ್ಣನ್ನ ಆರಿಸಿರೋ ಕಣ್ಣು ಅದು."

ಕೋಣೆಯೆಲ್ಲ ನಕ್ಕಿತು. ಬುಷ್ರಾ ನಗಲಿಲ್ಲ.

ನವೀನ್‌ಕುಮಾರ್ ವಿಡಿಯೊ ಕರೆ ಮಾಡಿದ; ಗೋಡೆಯ ಪರದೆಯ ಮೇಲೆ, ಈ ವರದಿ ಕೊಳ್ಳುವ ಅಮೆರಿಕದ ಗಿರಾಕಿ ಕಾಣಿಸಿಕೊಂಡ. ಅಲ್ಲಿನ್ನೂ ಸರಿಯಾಗಿ ಬೆಳಗಾಗಿರಲಿಲ್ಲ. ಕೈಯಲ್ಲಿ ಕಾಫಿಯ ಲೋಟವಿತ್ತು. ಹದಿನೇಳು ತುಣುಕುಗಳನ್ನೂ ನೋಡಿ ಅವನು ಇಂಗ್ಲಿಷಿನಲ್ಲಿ ಹೇಳಿದ್ದರ ಸಾರ ಇಷ್ಟು: ದಣಿದವನೂ ಹೀಗೆಯೇ ನಡೆಯುತ್ತಾನೆ. ದಣಿವಿಗೂ ಗಾಯಕ್ಕೂ ವ್ಯತ್ಯಾಸ ತೋರಿಸಿದರೆ ಟಿಪ್ಪಣಿ ಇರಲಿ, ಇಲ್ಲವಾದರೆ ಅಳಿಸಿ.

ಬುಷ್ರಾ ವಿವರಿಸಿದಳು. ಹಿಮ್ಮಡಿಯನ್ನು ಪೂರ್ತಿ ಊರುವುದಿಲ್ಲ. ತಿರುಗುವಾಗ ಮಂಡಿ ಬಿಟ್ಟು ಇಡೀ ಮೈಯನ್ನೇ ತಿರುಗಿಸುತ್ತಾನೆ. ಹೆಗಲ ಮೇಲಿನ ಕೈ ಸ್ನೇಹದ್ದಲ್ಲ, ಆಸರೆಯದ್ದು. ಗಿರಾಕಿ ಹುಬ್ಬು ಗಂಟಿಕ್ಕಿದ.

"ಮಾತಲ್ಲಿ ಆಗ್ತಿಲ್ಲಮ್ಮ," ಎಂದ ನವೀನ್‌ಕುಮಾರ್. ಗಡಿಯಾರದಲ್ಲಿ ಮೂರೂ ನಲವತ್ತೆಂಟು. "ಯಾರಾದ್ರೂ ನಡೆದು ತೋರಿಸ್ರೋ."

ಅತೀಫ್ ಎದ್ದು ಸೊಂಟ ಹಿಡಿದು ಕುಂಟಿದ. ಅದು ನಾಟಕದ ಕುಂಟು. ಕೋಣೆ ಮತ್ತೆ ನಕ್ಕಿತು, ಗಿರಾಕಿಯೂ ನಕ್ಕ. ನವೀನ್‌ಕುಮಾರ್ ಮೌಸಿನ ಮೇಲೆ ಕೈಯಿಟ್ಟ. "ಅಳಿಸ್ಬಿಡ್ಲಾ?"

ಬುಷ್ರಾ ಬಾಗಿಲ ಕಡೆ ನೋಡಿದಳು. ಬೀಗದ ಮೇಲಿನ ಕೆಂಪು ದೀಪ ಹಾಗೆಯೇ ಉರಿಯುತ್ತಿತ್ತು. 'ಹ್ಞೂಂ' ಎಂಬ ಒಂದಕ್ಷರ ಸಾಕು, ಹತ್ತೊಂಬತ್ತು ದಿನಗಳು ಸದ್ದಿಲ್ಲದೆ ಸರಿದುಹೋಗುತ್ತವೆ. ಇಪ್ಪತ್ತೆಂಟರವನು ತನ್ನ ಹೆಸರನ್ನೂ ಅರಿಯದ ಒಬ್ಬಳಿಂದ ಏನನ್ನೂ ಕೇಳಿರಲಿಲ್ಲ. ಮರೆಮಾಚುವವರು ಯಾರನ್ನೂ ಏನನ್ನೂ ಕೇಳುವುದಿಲ್ಲ. ಅದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಬೇಡ ಸರ್. ನಾನು ನಡೀತೀನಿ."

ಕ್ಯಾಮೆರಾದ ಮುಂದೆ ಕಿಟಕಿಯವರೆಗೆ ನಡೆದಳು. ಎಂದಿನಂತೆ ನಿಧಾನವಾಗಿ, ಬೆರಳಿನಿಂದ ಮೇಜುಗಳ ಅಂಚನ್ನು ಸವರುತ್ತ. ಯಾರಿಗೂ ಏನೂ ಕಾಣಲಿಲ್ಲ.

"ಇದು ಬಚ್ಚಿಟ್ಕೊಂಡು ನಡೆಯೋದು," ಎಂದಳು. "ಈಗ ನೋಡಿ."

ಮೇಜಿನ ಮೇಲಿನ ಕೈ ತೆಗೆದಳು. ಎಡ ಮಂಡಿ ಒಳಕ್ಕೆ ಕುಸಿಯಿತು, ಭುಜ ತಗ್ಗಿತು, ಮುಂದಿನ ಹೆಜ್ಜೆಯನ್ನು ಸೊಂಟ ಎಳೆದು ತಂದಿತು. ಆರು ಹೆಜ್ಜೆಗಳಷ್ಟೇ.

ಗಿರಾಕಿ ಲೋಟ ಕೆಳಗಿಟ್ಟ. "ಇನ್ನೊಂದು ಸಲ, ದಯವಿಟ್ಟು."

ಇನ್ನೊಂದು ಸಲ ನಡೆಯಬೇಕಾಯಿತು. ಮತ್ತೆ ಕಿಟಕಿಗೆ ಹೋಗಿ, ಮತ್ತೆ ತಿರುಗಿ. ಹಿಂದಿರುಗುವ ದಾರಿಯಲ್ಲಿ ಎದುರಿಗಿದ್ದವನು ಅತೀಫ್. ಅವನು ಅವಳ ಮುಖ ನೋಡಲಿಲ್ಲ, ಕಾಲನ್ನೇ ನೋಡುತ್ತಿದ್ದ. ಪರದೆಯ ಮೇಲೆ ಗಿರಾಕಿ ಆ ಹದಿನೇಳು ತುಣುಕುಗಳಲ್ಲಿ ಒಂದನ್ನು ಪುನಃ ಓಡಿಸಿ, ಬಹಳ ಹೊತ್ತು ದಿಟ್ಟಿಸಿ, ಟಿಪ್ಪಣಿ ಇರಲಿ ಎಂದ. ಇಂದೇ ಹುಡುಗನ ಕಾಲೇಜಿಗೆ ಕರೆ ಮಾಡುವುದಾಗಿಯೂ ಹೇಳಿದ.

ನಾಲ್ಕು ಹೊಡೆಯಿತು. ದೀಪ ಹಸಿರಾಯಿತು. ಎಲ್ಲರಿಗಿಂತ ಮೊದಲು ಹೊರಬಿದ್ದವನು ಅತೀಫ್. ಎರಡೆರಡು ಮೆಟ್ಟಿಲು ಹಾರುತ್ತ ಇಳಿದ ಸದ್ದು ಕೇಳಿಸಿತು. ಬುಷ್ರಾ ಕಪಾಟಿನಿಂದ ಮೊಬೈಲು ತೆಗೆದು ಮುಜಾಮಿಲನಿಗೆ ಕರೆ ಮಾಡಿದಳು. ಗಂಟೆ ಬಾರಿಸಿ ಬಾರಿಸಿ ನಿಂತಿತು. ಕೈಗಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು.

ಕೆಳಗೆ, ಪ್ಲೈವುಡ್ ಹಲಗೆಗಳ ರಾಶಿಯ ಪಕ್ಕದಲ್ಲಿ, ಅತೀಫ್ ಫೋನು ಕಿವಿಗೊತ್ತಿಕೊಂಡು ನಿಂತಿದ್ದ. ಅವಳನ್ನು ಕಂಡು ಮಾತು ನಿಲ್ಲಿಸಿದ.

"ಯಾರ ಹತ್ರ ಮಾತಾಡ್ತಿದ್ದೀಯಾ?"

"ಅಮ್ಮಿ." ಅವನ ದನಿ ಕುಗ್ಗಿತು. "ಹೇಳ್ದೆ ಹೆಂಗಿರ್ಲಿ? ನೀವೇ ಹೇಳಿ."

"ಹೇಳ್ಲೇಬೇಕು. ಆದ್ರೆ ನೀನಲ್ಲ. ಕೊಡು ಇಲ್ಲಿ."

ಅವನು ಕೊಟ್ಟ. ಅತ್ತ ಕಡೆಯವರಿಗೆ ಕೈ ಬದಲಾದದ್ದು ತಿಳಿದಿರಲಿಲ್ಲ. "ಯಾವ್ ಕಾಲೋ? ಹೇಳೋ! ಕೂರಿಸಿ ನೋಡಿ ಬಂದ್ವಲ್ಲೋ, ಒಂದ್ಸಲ ನಡೆಸಿ ನೋಡ್ಲಿಲ್ವಲ್ಲೋ!"

"ಎಡಗಾಲು, ಖಾಲಾ," ಎಂದಳು ಬುಷ್ರಾ. "ನಾನು ಬುಷ್ರಾ."

ಅತ್ತ ಕಡೆಯವರು ಕರೆ ಕಡಿಯಲಿಲ್ಲ.