ಬಿಸಿಲಲ್ಲಿ ಬಂದ ನೆರೆ

ಹೊಳೆಯ ನಡುವಿನ ಚಪ್ಪಟೆ ಬಂಡೆಯ ಮೇಲೆ ನಿಂತು ಬಣ್ಣಗಾರ ನೀಲಿ ಬಣ್ಣಕ್ಕೆ ಅದ್ದಿದ ಬಟ್ಟೆ ಜಾಲಾಡುತ್ತಿದ್ದ. ಹೆಂಡತಿ ಹಿಂಡಿ ಮಡಚುತ್ತಿದ್ದಳು. ಸುತ್ತ ಮೊಣಕಾಲುದ್ದದ ನೀರು, ನೆತ್ತಿ ಸುಡುವ ಬಿಸಿಲು.

ದಡದಿಂದ ಬಣ್ಣಗಾರನ ಅತ್ತಿಗೆ ಕೂಗಿದಳು. ಪಟ್ಟಣಕ್ಕೆ ಕುಡಿಯುವ ನೀರೆತ್ತುವ ಪಂಪ್‌ಹೌಸಿನಲ್ಲಿ ಅವಳಿಗೆ ಕೆಲಸ.

"ಇಬ್ರೂ ಮೇಲೆ ಬನ್ನಿ! ಅಣೆಕಟ್ಟಿನ ಗೇಟು ತೆಗೆದಿದ್ದಾರಂತೆ, ಫೋನ್ ಬಂತು!"

"ಆಕಾಶದಲ್ಲಿ ಅಂಗೈಯಗಲ ಮೋಡ ತೋರ್ಸಿ ಅತ್ತಿಗೆ, ಬರ್ತೀನಿ. ಈಗ ಬಿಟ್ರೆ ಬಟ್ಟೆಯೆಲ್ಲ ಕಲೆ."

"ಸೈರನ್ ಕೇಳ್ಲಿಲ್ವಾ?"

"ಕೇಳ್ದೆ ಏನು? ಮಿಲ್ಲಿನವರಿಗೆ ಊಟದ ಹೊತ್ತು."

"ಅಯ್ಯೋ ಪುಣ್ಯಾತ್ಮ, ಇವತ್ತು ಮಿಲ್ಲಿಗೆ ರಜಾ ಕಣೋ!"

ಬಣ್ಣಗಾರ ಮಿಲ್ಲಿನ ಚಿಮಣಿಯತ್ತ ತಿರುಗಿದ. ಹೊಗೆ ಇರಲಿಲ್ಲ. ಕೆಳಗೆ ನೋಡಿದ. ಬಂಡೆಯನ್ನು ಬಳಸಿ ಬರುತ್ತಿದ್ದ ನೀರು ಮಣ್ಣು ಕಲಸಿದಂತೆ ಕೆಂಪಾಗಿತ್ತು. ಬೆಳಗಿನಿಂದ ಅವನು ಅದ್ದಿದ್ದು ನೀಲಿ ಮಾತ್ರ.

ಹೆಂಡತಿ ಬಟ್ಟೆ ಬಾಚಿಕೊಳ್ಳಲು ಬಗ್ಗಿದಳು. "ಬಿಡೇ ಅದನ್ನ!" ಎಂದವನೇ ಅವಳ ಕೈ ಹಿಡಿದು ನೀರಿಗಿಳಿದ. ದಡ ಮುಟ್ಟುವಷ್ಟರಲ್ಲಿ ಸೊಂಟದ ತನಕ ನೀರು. ಅತ್ತಿಗೆ ತೋಳು ಚಾಚಿ ಇಬ್ಬರನ್ನೂ ಮೇಲಕ್ಕೆಳೆದುಕೊಂಡಳು. ತಿರುಗಿ ನೋಡಿದರೆ ಬಂಡೆಯೇ ಕಾಣಲಿಲ್ಲ.

ಮೂವರೂ ಇನ್ನಷ್ಟು ಮೇಲಕ್ಕೆ ಹತ್ತಿ ಕೂತರು. ಹೆಂಡತಿಯೇ ಮೊದಲು ನಕ್ಕಳು. "ಜಾಲಾಡೋ ಕೆಲಸ ಹೊಳೇನೇ ವಹಿಸ್ಕೊಳ್ತು ಬಿಡಿ."

"ಅಲ್ಲ, ಮಳೆ ಎಲ್ಲಿ ಅತ್ತಿಗೆ?" ಎಂದ ಬಣ್ಣಗಾರ.

"ಬೆಟ್ಟದಲ್ಲಿ. ಹೊಳೆ ಹುಟ್ಟೋದು ಅಲ್ಲಿ ತಾನೆ? ಹಳ್ಳಗಳ ನೀರೆಲ್ಲ ಸೇರ್ಕೊಂಡು ಅಣೆಕಟ್ಟಿಗೆ ಬರುತ್ತೆ. ಅದರಲ್ಲೇ ಕರೆಂಟು, ಅದರಲ್ಲೇ ಗದ್ದೆ, ಆಮೇಲೆ ನನ್ನ ಪಂಪು, ನಿನ್ನ ಬಟ್ಟೆ. ತುಂಬಿದ್ರೆ ಗೇಟು ತೆಗೀಲೇಬೇಕು. ಹಗ್ಗದ ಮೇಲಿನ ಬಟ್ಟೆಗೆ ಮೇಲಿಂದ ನೀರು ಹೊಯ್ದರೆ ಕೆಳಗಿನ ಅಂಚೂ ತೊಟ್ಟಿಕ್ಕಲ್ವಾ? ನಾವಿರೋದು ಆ ಅಂಚಲ್ಲಿ."

ಬಟ್ಟೆಯ ಮಾತು ಬಣ್ಣಗಾರನಿಗೆ ಹಿಡಿಸಿತು. "ಆದ್ರೆ ಯಾವ ಸೈರನ್ ಯಾರದ್ದು ಅಂತ ಹೇಗೆ ಗೊತ್ತಾಗ್ಬೇಕು?"

"ಮಿಲ್ಲಿನದು ಒಂದೇ ಸಮ ಕೂಗುತ್ತೆ. ನಮ್ಮ ಅಣೆಕಟ್ಟಿನದು ಬಿಟ್ಟು ಬಿಟ್ಟು."

ಹೆಂಡತಿ ಬಿಟ್ಟು ಬಿಟ್ಟು ಕೂಗಿ ತೋರಿಸಿದಳು.

"ಇದು ದಿನಾ ಮನೇಲಿ ಕೇಳೋದೇ. ಇನ್ಮೇಲೆ ತಕ್ಷಣ ಎದ್ದು ಓಡ್ತೀನಿ" ಎಂದ ಬಣ್ಣಗಾರ.

ಹೊಳೆಗಿಳಿದು ಬಟ್ಟೆ ಒಗೆಯುವವರೇ, ಮೀನು ಹಿಡಿಯುವವರೇ, ಈಜುವವರೇ, ನಿಮ್ಮೂರಿನ ನೆರೆ ಎಚ್ಚರಿಕೆ ಹೇಗೆ ಬರುತ್ತದೆಂದು ಇಂದೇ ಕೇಳಿ ತಿಳಿದುಕೊಳ್ಳಿ. ಎಚ್ಚರಿಕೆ ಬಂದೊಡನೆ ಕೈಯಲ್ಲಿದ್ದುದನ್ನು ಬಿಟ್ಟು ದಡ ಹತ್ತಿ. ನೀರಿನ ಬಣ್ಣ ತಟ್ಟನೆ ಬದಲಾದರೆ ಎಚ್ಚರಿಕೆಗೂ ಕಾಯಬೇಡಿ. ನಿಮ್ಮ ತಲೆಯ ಮೇಲೆ ಬಿಸಿಲಿರಬಹುದು, ಹೊಳೆಯ ತಲೆಯ ಮೇಲೆ ಮಳೆ ಸುರಿಯುತ್ತಿರಬಹುದು.