ಸವೇತಕ್ಕನ ಬೋಳು ಕತ್ತಿನ ಕೋಳಿ

ಮುಖ ನೋಡಿ ಮನುಷ್ಯರನ್ನು ಅಳೆಯುವುದರಲ್ಲಿ ನನ್ನನ್ನು ಮೀರಿಸಿದವರು ಕ್ಲುಜ್ ಪಟ್ಟಣದಲ್ಲಿ ಯಾರೂ ಇರಲಿಲ್ಲ. ಟ್ರಾಮ್ ಹತ್ತಿದವರ ಟಿಕೆಟ್ ತಪಾಸಣೆ ಮಾಡುವುದು ನನ್ನ ಕೆಲಸವಾಗಿತ್ತು. ಟಿಕೆಟ್ ಇದ್ದವರು ನನ್ನ ಕಡೆ ನೋಡುತ್ತಾರೆ, ಇಲ್ಲದವರು ಕಿಟಕಿಯಾಚೆ ನೋಡುತ್ತಾರೆ, ಇಷ್ಟೇ ಗುಟ್ಟು. ನಿವೃತ್ತಿಯಾದ ಮೇಲೆ ಚಿಕ್ಕಮ್ಮ ಬಿಟ್ಟುಹೋದ ಹಳ್ಳಿಮನೆಗೆ ಬಂದು, ಹಿತ್ತಲಲ್ಲಿ ಕೋಳಿ ಸಾಕುತ್ತೇನೆ ಎಂದು ಹೊರಟಾಗಲೂ ನನಗೆ ಎಳ್ಳಷ್ಟೂ ಅಳುಕಿರಲಿಲ್ಲ. ಜನರನ್ನೇ ಅಳೆದವಳಿಗೆ ಕೋಳಿ ಯಾವ ಮಹಾ ಲೆಕ್ಕ?

ನನ್ನ ಹಿತ್ತಲಿಗೂ ಪಕ್ಕದ ಸವೇತಕ್ಕನ ಹಿತ್ತಲಿಗೂ ನಡುವೆ ಒಂದು ಕಿರುಗಾಲುವೆ, ಅದರ ಮೇಲೊಂದು ಹಲಗೆ. ನಾನು ಗೂಡಿಗೆ ಮೊಳೆ ಹೊಡೆಯುತ್ತಿದ್ದಾಗ ಆಕೆ ಊರುಗೋಲು ಊರಿಕೊಂಡು ಆಚೆ ದಡಕ್ಕೆ ಬಂದು ನಿಂತಳು. ಎಂಬತ್ತು ದಾಟಿದ ಹೆಂಗಸು, ತಲೆಗೆ ಕರಿ ವಸ್ತ್ರ. ನಾಲಿಗೆಗೆ ಮಾತ್ರ ವಯಸ್ಸಾಗಿರಲಿಲ್ಲ.

"ಏನಮ್ಮಾ ಟ್ರಾಮು, ಗೂಡು ಯಾರಿಗೆ? ನಾಯಿಗೋ, ಗಂಡನಿಗೋ?"

"ಕೋಳಿಗೆ, ಸವೇತಕ್ಕ. ಗಂಡನ್ನ ಪಟ್ಟಣದಲ್ಲೇ ಇಳಿಸಿ ಬಂದೆ."

ಆಕೆ ಊರುಗೋಲು ಅಲ್ಲಾಡುವಷ್ಟು ನಕ್ಕಳು. "ಯಾವ ಜಾತಿ ಕೋಳಿ ತರ್ತೀಯೇ?"

"ಜಗಳಗಂಟಿ ಅಲ್ಲದ್ದು. ಕರೆದ್ರೆ ಬರ್ಬೇಕು, ಎತ್ಕೊಂಡ್ರೆ ಸುಮ್ನಿರ್ಬೇಕು. ಮೊಟ್ಟೆ ಒಂದಿಷ್ಟು ಕಡಿಮೆ ಹಾಕಿದ್ರೂ ಚಿಂತೆ ಇಲ್ಲ."

ಸವೇತಕ್ಕನ ನಗು ನಿಂತಿತು. "ಹಂಗಾದ್ರೆ ಸಂತೆಗೆ ನಾನೂ ಬರ್ತೀನಿ. ನನಗೂ ಅಂಥದ್ದೇ ಒಂದು ಕರಿ ಹೇಂಟೆ ಬೇಕು. ನನ್ನ ಮಣ್ಣಿಗೆ."

ಆಕೆ ತನ್ನ ಮಣ್ಣಿಗೆ ಎಲ್ಲವನ್ನೂ ಹೊಂದಿಸಿಟ್ಟಿದ್ದಳು. ಉಡಿಸುವ ಬಟ್ಟೆ, ಮೇಣದ ಬತ್ತಿ, ಹೊರುವವರ ತೋಳಿಗೆ ಕಟ್ಟುವ ಟವೆಲ್ಲು, ಎಲ್ಲ ಪೆಟ್ಟಿಗೆಯಲ್ಲಿತ್ತು. ಮಂಡಿ ನೋವಿನಿಂದ ಕೋಳಿ ಸಾಕುವುದನ್ನು ಬಿಟ್ಟಿದ್ದರಿಂದ ಅದೊಂದು ಮಾತ್ರ ಬಾಕಿ. ನಮ್ಮ ಕಡೆ ಮಣ್ಣು ಮುಚ್ಚುವ ಮೊದಲು ಕರಿ ಹೇಂಟೆಯೊಂದನ್ನು ಗುಂಡಿಯ ಮೇಲಿಂದ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುತ್ತಾರೆ. ಅದು ಸತ್ತವರ ಮುಂದೆ ನೆಲ ಕೆದಕುತ್ತಾ ದಾರಿ ತೋರಿಸುತ್ತದೆ ಎಂಬ ನಂಬಿಕೆ. ಕೈಗೆ ತೆಗೆದುಕೊಂಡವರು ಕೋಳಿಯನ್ನು ಮನೆಗೆ ಒಯ್ಯುತ್ತಾರೆ. ಸಾಮಾನ್ಯವಾಗಿ ಅದು ಗುಂಡಿ ತೋಡಿದವನ ಪಾಲು.

"ನನ್ನ ಗಂಡ ತೋದೊರ್ ಹೋದಾಗ ಚೆಂದ ಅಂತ ಒಂದು ಕರಿ ಲೆಗಾರ್ನ್ ಕೋಳಿ ತಂದ್ರು ಕಣೇ," ಎಂದಳು ಸವೇತಕ್ಕ. "ಗುಂಡಿ ಅರ್ಧ ದಾಟಿತ್ತು, ಕೈ ಕೊಸರ್ಕೊಂಡು ಹಾರಿ ಚರ್ಚಿನ ಸೂರಿನ ಮೇಲೆ ಕೂತ್ಬಿಡ್ತು. ಇಳೀಲೇ ಇಲ್ಲ. ಪಾದ್ರಿ ಹಾಡು ನಿಲ್ಸಿ ಮೇಲೆ ನೋಡಿದ್ರು, ಊರೆಲ್ಲ ಮೇಲೆ ನೋಡ್ತು. ನನ್ನ ತೋದೊರ್ ಮಾತ್ರ ಕೆಳಗೆ ಒಬ್ಬನೇ ಮಲಗಿದ್ದ."

ನನಗೆ ನಗು ಗಂಟಲಿಗೆ ಬಂದಿತ್ತು. ಆದರೆ ಆಕೆಯ ಗದ್ದ ನಡುಗುತ್ತಿತ್ತು.

"ಹೆಂಡದಂಗಡಿಯಿಂದ ಮನೆಗೆ ಬರೋಕೇ ದಾರಿ ತಪ್ಪಿಸ್ಕೊಳ್ತಿದ್ದ ಗಂಡಸು. ಈಗ್ಲೂ ಎಲ್ಲೋ ಅಲೀತಾನೇ ಇರ್ತಾನೆ. ಅವನನ್ನ ನಾನೇ ಹೋಗಿ ಹುಡುಕ್ಬೇಕು. ನನ್ನ ಕೋಳಿ ಸರಿಯಾಗಿರ್ಲೇಬೇಕು, ಟ್ರಾಮು."

ಶನಿವಾರ ತುರ್ದಾ ಸಂತೆಗೆ ಹೋದೆವು. ಬುಟ್ಟಿ, ಪೆಟ್ಟಿಗೆಗಳ ತುಂಬ ಕೋಳಿ. ಬಿಳಿ ಲೆಗಾರ್ನ್‌ಗಳ ಮುಂದೆ ನಾನು ನಿಂತದ್ದೇ ತಡ, ಸವೇತಕ್ಕ ಊರುಗೋಲಿನಿಂದ ನನ್ನ ಹಿಮ್ಮಡಿಗೆ ತಿವಿದಳು. "ಅದರ ಹತ್ರ ಸುಳೀಬೇಡ. ಮೊಟ್ಟೆ ರಾಶಿ ಹಾಕುತ್ತೆ, ಆದ್ರೆ ತನ್ನ ನೆರಳು ಕಂಡ್ರೂ ಹಾರುತ್ತೆ. ಮೈ ಭಾರ ಇರೋ ತಳಿ ನೋಡು. ಅಂಥದ್ದಕ್ಕೆ ಹಾರೋ ಆಸೆ ಕಡಿಮೆ, ಮನುಷ್ಯರ ಮೇಲೆ ಆಸೆ ಜಾಸ್ತಿ."

ತಳಿ ಆಕೆ ಹೇಳಿದಳು, ಮುಖ ನಾನು ನೋಡಿದೆ. ಬೆರಳು ಒಡ್ಡಿದರೆ ಕುಕ್ಕದೆ ಕತ್ತು ಓರೆ ಮಾಡಿ ವಿಚಾರಿಸಿಕೊಂಡ ಚುಕ್ಕಿ ಚುಕ್ಕಿಯ ಸಸೆಕ್ಸ್ ಒಂದು ಜೊತೆ ತೆಗೆದುಕೊಂಡೆ. ತೋಳಿಗೆ ಬಂದೊಡನೆ ದಿಂಬಿನ ಹಾಗೆ ಕುಳಿತ, ಜೇನುಬಣ್ಣದ ಆರ್ಪಿಂಗ್ಟನ್ ಒಂದನ್ನು ಕೆಳಗಿಡಲು ಮನಸ್ಸೇ ಬರಲಿಲ್ಲ. ನನ್ನ ಕೋಳಿಗಳು ಹೀಗೆ ಸಲೀಸಾಗಿ ಸಿಕ್ಕವು. ಉಳಿದದ್ದು ಸವೇತಕ್ಕನದು.

ಆಕೆ ಮಿರಮಿರ ಮಿಂಚುವ, ಕೆಂಪು ಜುಟ್ಟಿನ ಕರಿ ಹೇಂಟೆಯೊಂದರ ಮೇಲೆ ಕಣ್ಣಿಟ್ಟಿದ್ದಳು. ಅದು ನನ್ನನ್ನು ಕಂಡು ಪಕ್ಕಕ್ಕೆ ನೋಡಿತು. ಮೂಲೆಯ ಪೆಟ್ಟಿಗೆಯಲ್ಲಿ ಬೋಳು ಕತ್ತಿನ ತಳಿಯ ಕರಿ ಹೇಂಟೆಯೊಂದಿತ್ತು. ಕತ್ತಿನ ತುಂಬ ಕೆಂಪು ಚರ್ಮ, ಒಂದು ಪುಕ್ಕವಿಲ್ಲ. ಅದು ನನ್ನ ಮುಖವನ್ನೇ ನೋಡಿತು.

"ಇದು, ಸವೇತಕ್ಕ."

"ಥೂ! ಅರ್ಧ ಪುಕ್ಕ ಕಿತ್ತು ಮರೆತುಹೋದಂಗಿದೆ. ಇದನ್ನ ಮುಂದೆ ಬಿಟ್ಕೊಂಡು ಹೋದ್ರೆ ಸ್ವರ್ಗದೋರು ಬಾಗಿಲು ಹಾಕ್ಕೊಳ್ತಾರೆ."

"ಇದರ ಹತ್ರ ಟಿಕೆಟ್ ಇದೆ. ನಾನು ಹೇಳ್ತಿದೀನಲ್ಲ."

ಮಾತಿಗೆ ಮಾತು ಬೆಳೆಯಿತು. ಕೊನೆಗೆ ಮಳೆನೀರಿನ ಗುಂಡಿಯೊಂದರ ಆಚೆ ಆಕೆ, ಈಚೆ ನಾನು ನಿಂತು, ಕೋಳಿ ದಾಟಿಸಿ ಪರೀಕ್ಷೆ ಮಾಡಿದೆವು. ಮಿಂಚುವ ಹೇಂಟೆ ಅರ್ಧ ದಾರಿಯಲ್ಲಿ ಕಿರುಚಿ, ಸವೇತಕ್ಕನ ಮಣಿಕಟ್ಟು ಪರಚಿ, ಎಲೆಕೋಸು ಮಾರುವವಳ ತಲೆ ಏರಿತು. ಬೋಳು ಕತ್ತಿನದು ನನ್ನ ಕೈಗೆ ಬಂದು, ಒಂದು ಕಾಲು ಮಡಚಿಕೊಂಡು ಕಣ್ಣು ಮುಚ್ಚಿತು. ಸವೇತಕ್ಕ ಅದನ್ನೇ ಕೊಂಡಳು.

"ಇದು ನನ್ನದು," ಎಂದಳು ದಾರಿಯಲ್ಲಿ. "ನಿನ್ನ ಗೂಡಲ್ಲಿರ್ಲಿ, ಮೊಟ್ಟೆ ನೀನು ತಿನ್ನು. ಆದ್ರೆ ನನ್ನದು."

ನಾನು ಅದಕ್ಕೆ ರೆಜಿನಾ ಎಂದು ಹೆಸರಿಟ್ಟೆ. ಅಂದಿನಿಂದ ದಿನಾ ಸಂಜೆ ಕಾಲುವೆಯ ಮೇಲೆ ತಾಲೀಮು. ಸವೇತಕ್ಕ ಆಚೆ ದಡದಿಂದ ಎರಡೂ ಕೈಯಲ್ಲಿ ಕೋಳಿ ಚಾಚುವಳು, ನಾನು ಈಚೆ ದಡದಲ್ಲಿ ತೆಗೆದುಕೊಳ್ಳುವೆ. ಕೆಳಗೆ ಬಿಟ್ಟರೆ ಅದು ಹಲಗೆಯ ಮೇಲೆ ತಾನೇ ನಡೆದು, ಆಕೆಯ ಬೊಗಸೆಯ ಮೆಕ್ಕೆಜೋಳಕ್ಕೆ ವಾಪಸು ಹೋಗುವುದು. ಅಭ್ಯಾಸವಾಗಲಿ ಎಂದು ಸವೇತಕ್ಕ ಸಾವಿನ ಹಾಡನ್ನೂ ಗಟ್ಟಿಯಾಗಿ ಹಾಡುವಳು. ಬೀದಿಯಲ್ಲಿ ಹೋಗುವವರು ಬೆಚ್ಚಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದರು. ಒಮ್ಮೆ ನಾನೇ ಕೋಳಿಯನ್ನು ಆಚೆಗೆ ಚಾಚಿದೆ.

"ಹಂಗಲ್ಲ!" ಎಂದು ಗದರಿದಳು. "ನಾನು ಕೊಡ್ಬೇಕು, ನೀನು ತಗೋಬೇಕು. ಒಂದೇ ಅಭ್ಯಾಸ ಆಗ್ಬೇಕು."

ಗುಂಡಿ ತೋಡುವ ಗ್ಲಿಗೊರ್ ಆಗಾಗ ಬೇಲಿಗೆ ಮೊಣಕೈ ಊರಿ ನೋಡುತ್ತಿದ್ದ. "ಚೆನ್ನಾಗಿ ಮೇಯ್ಸಿ ಅಮ್ಮಾ, ಕೊನೆಗೆ ನಮ್ಮನೆಗೇ ಬರೋದು." ಅವನ ಮನೆಗೆ ಹೋದ ಕೋಳಿಗಳು ಭಾನುವಾರ ದಾಟಿದ್ದನ್ನು ಯಾರೂ ಕಂಡಿರಲಿಲ್ಲ. ನನಗೆ ಮೈ ಉರಿಯುತ್ತಿತ್ತು. ನಾನು ಬೀನ್ಸ್ ಬಿಡಿಸುತ್ತಾ ಕೂತರೆ ರೆಜಿನಾ ಬಂದು ನನ್ನ ಪಾದದ ಮೇಲೆ ಕುಳಿತು ತೂಕಡಿಸುತ್ತಿತ್ತು. ಅದರ ಬೆಚ್ಚಗಿನ ಭಾರವಿಲ್ಲದೆ ನನಗೆ ಮಧ್ಯಾಹ್ನವೇ ಕಳೆಯುತ್ತಿರಲಿಲ್ಲ.

"ಗ್ಲಿಗೊರ್‌ಗೆ ಬೇಕಾದ್ರೆ ನನ್ನ ಸಸೆಕ್ಸ್ ಎರಡೂ ಕೊಡ್ತೀನಿ," ಎಂದೆ ಒಂದು ಸಂಜೆ. "ಇದನ್ನ ಮಾತ್ರ ಕೇಳ್ಬೇಡಿ."

"ನನ್ನ ಕೋಳಿ, ನನ್ನ ಮಣ್ಣು. ಕೇಳೋಕೆ ನೀನ್ಯಾವಳೇ?"

ಅದಾದ ಮೇಲೆ ಒಂದು ವಾರ ಮಾತು ಬಿಟ್ಟೆವು. ತಾಲೀಮು ಮಾತ್ರ ತಪ್ಪಿಸಲಿಲ್ಲ. ಮುಖ ಗಂಟು ಹಾಕಿಕೊಂಡೇ ಆಕೆ ಕೊಟ್ಟಳು, ಮುಖ ಗಂಟು ಹಾಕಿಕೊಂಡೇ ನಾನು ತೆಗೆದುಕೊಂಡೆ.

ಪ್ಲಮ್ ಹಣ್ಣು ಉದುರುವ ಕಾಲಕ್ಕೆ ಸವೇತಕ್ಕ ಹೋದಳು. ಬೆಳಿಗ್ಗೆ ರೆಜಿನಾ ಹಲಗೆ ದಾಟಿ ಹೋಗಿ ಆಕೆಯ ಬಾಗಿಲಲ್ಲಿ ನಿಂತೇ ಇತ್ತು. ಯಾಕೆಂದು ನೋಡಲು ಹೋದವಳು ನಾನೇ. ಆಕೆ ಮಂಚದಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ್ದಳು, ನಿದ್ದೆಯಲ್ಲೇ ಮುಗಿದಿತ್ತು.

ಸ್ಮಶಾನಕ್ಕೆ ಕೋಳಿಯನ್ನು ಕಂಕುಳಲ್ಲಿ ಅವುಚಿಕೊಂಡು ಹೋದೆ. ಆಕೆಗೆ ಮಾತು ಕೊಟ್ಟಿರಲಿಲ್ಲ, ಆದರೂ ತೋದೊರ್‌ಗೆ ಆದದ್ದು ಆಕೆಗೆ ಆಗಕೂಡದು ಎಂದು ಹಲ್ಲು ಕಚ್ಚಿ ನಿಶ್ಚಯಿಸಿದ್ದೆ. ಗುಂಡಿಯ ಆಚೆ ಗ್ಲಿಗೊರ್ ಕೈ ಒರೆಸಿಕೊಂಡು ಸಿದ್ಧನಾಗಿದ್ದ. ನಾನು ಕೋಳಿಯನ್ನು ಚಾಚಬೇಕು ಎನ್ನುವಷ್ಟರಲ್ಲಿ ಪಾದ್ರಿ ನನ್ನ ಭುಜ ಮುಟ್ಟಿದರು.

"ನೀವು ಆ ಕಡೆ ಹೋಗಿ ನಿಂತ್ಕೊಳ್ಳಿ. ಸವೇತಕ್ಕ ನನ್ನ ಹತ್ರ ಹೇಳಿಟ್ಟಿದ್ರು. ಗ್ಲಿಗೊರ್ ಕೊಡ್ಲಿ, ಟ್ರಾಮು ತಗೊಳ್ಲಿ, ಅವಳಿಗೆ ಅಭ್ಯಾಸ ಇದೆ ಅಂದ್ರು."

ಗ್ಲಿಗೊರ್‌ನ ಮುಖ ಇಷ್ಟಗಲ ಇದ್ದದ್ದು ಇಷ್ಟೇ ಇಷ್ಟಾಯಿತು. ನಾನು ಅವನ ಕೈಗೆ ಕೋಳಿ ಕೊಟ್ಟು ಗುಂಡಿ ಸುತ್ತಿ ಆಚೆ ಹೋದೆ. ಬೇಸಿಗೆಯಿಡೀ ಆಕೆ ಆಚೆ ದಡದಿಂದ ಕೊಡುತ್ತಲೇ ಇದ್ದಳು, ನಾನು ತೆಗೆದುಕೊಳ್ಳುತ್ತಲೇ ಇದ್ದೆ. ಊರವರ ಮುಖವೆಲ್ಲ ಓದಿದ ನಾನು ದಿನಾ ಎದುರಿಗೆ ನಿಂತ ಆ ಮುಖವನ್ನು ಓದಿರಲಿಲ್ಲ. ತಡೆಯಲಾಗಲಿಲ್ಲ, ಅಲ್ಲೇ ಅತ್ತುಬಿಟ್ಟೆ.

ಗಂಟೆ ಮೊಳಗಿತು, ಪಾದ್ರಿ ಹಾಡಿದರು. ನನ್ನ ಕೈಗಳಿಗೆ ರೆಜಿನಾ ಸದ್ದಿಲ್ಲದೆ ದಾಟಿ ಬಂದು, ಒಂದು ಕಾಲು ಮಡಚಿಕೊಂಡು ಕುಳಿತಿತು. ಈ ಸಲ ಊರಿನವರು ಯಾರೂ ಮೇಲೆ ನೋಡಲಿಲ್ಲ. ಎಲ್ಲರೂ ಸವೇತಕ್ಕನನ್ನೇ ನೋಡುತ್ತಿದ್ದರು.